ಚಾಕ್ಲೇಟ ಕಿಲ್ಲಾದ ಕರಡಿ

ಅಲ್ಲೋ ನಾಗಣ್ಣ, ನಾ ಬಂದಿದ್ದಕ್ಕ ಅಷ್ಟ್ಯಾಕ ಗಾಬರಿ ಆಗ್ತಿ? ಮಲಕೋ, ಮಲಕೋ. ಏಳಬ್ಯಾಡ. ಸಿಸ್ಟರ್ ನೋಡಿದ್ರ ನಂಗೇ ಬೈತಾಳ. ಮೋಸಂಬಿ ರಸ ತಂದೀನಿ, ನಳಗಿ ಹಾಕ್ಕೊಂಡು ಸಾವಕಾಶ ಕುಡಿ... ಹೂಂ, ದವಡಿಗೆ ತಂತಿ ಬಿಗದಾರಂತ, ಗೊತ್ತದ. ಹೊರಗ ನಿನ್ನ ಹೆಂಡ್ತಿ ಹೇಳಿದ್ಳು. ಹೇಳಿದ್ಳು ಅಂದ್ರ, ಮಾರಿ ಆ ಕಡಿ ತಿರುವಿ ಹೇಳಿದ್ಳು. ಆರು ವಾರ ಮಾತಿಲ್ಲ ಅಂತ. ಇರಲಿ ಬಿಡು, ಮಾತು ನಾ ಆಡ್ತೀನಿ, ನೀ ಕೇಳು. ಬಡವನ ಸಿಟ್ಟು ದವಡಿಗೆ ಮೂಲ ಅಂತಾರಲ್ಲ, ಇಲ್ಲಿ ನೋಡು ಮಜಾ... ಸಿಟ್ಟು ನಂದು, ದವಡಿ ನಿಂದು! ಹ್ಹ ಹ್ಹ... ನಗಬೇಕಿತ್ತಪಾ ನೀ. ನಗಾಕೂ ನೋವಾಗ್ತದೇನು? ಪಾಪ.

ಬಾಗಲ ಕಡಿ ಯಾಕ ನೋಡ್ತಿ? ಹವಾಲ್ದಾರ ಇನ್ನಾ ಬಂದಿಲ್ಲ. ಹನ್ನೊಂದಕ್ಕ ಬರ್ತಾನಂತ, ನೀ ತಲಿ ಆಡಿಸಿದಂಗ ನಿನ್ನ ಹೇಳಿಕಿ ಬರಕೊಳ್ಳಾಕ. ಅದಕ್ಕೇ ನಾ ಜರಾ ಮದ್ಲ ಬಂದೆ. ಶಹಾಪುರದಿಂದ ಮುಂಜಾನಿ ಆರರ ಬಸ್ಸಿಗೆ ಯಾದಗಿರಿ ಮುಟ್ಟೀನಿ, ಚಾ ಸೈತ ಕುಡದಿಲ್ಲ. ಹತ್ತಿ ಮಿಲ್ಲಿನ ಮುಕದ್ದಮ ನಾ, ಬಸವಂತ್ರಾಯ, ನಲವತ್ತು ಹಮಾಲರ ಮ್ಯಾಲ ಒದರಾವ... ನಿನ್ನ ಮುಂದ ಸ್ಟೂಲ ಮ್ಯಾಲ ಕುಂತು ಕೈ ಮುಗಿಯಾಕತ್ತೀನಿ ಅಂದ್ರ ನೀನೇ ತಿಳಕೋ.

ಹೇಳಿಬಿಡ್ತೀನಿ, ಮುಚ್ಚೋದೇನದ. ಸುಂದ್ರಮ್ಮ ಐತಾರ ಸಂಜಿಗೇ ನನ್ನ ಮಗಳನ್ನ ಕರಕೊಂಡು ರಂಗಂಪೇಟಿಗೆ ತವರಮನಿಗೆ ಹೋಗ್ಯಾಳ. ಇವತ್ತಿಗೆ ನಾಕು ದಿನ. ನಿನ್ನಿ ನಾ ಹೋಗಿದ್ದೆ, ನಮ್ಮತ್ತಿ ಹಣಮಂತಮ್ಮ ಬಾಗಲಾ ತೆಗಿಲಿಲ್ಲ. ಕಿಡಕ್ಯಾಗಿಂದ ಹೇಳಿದ್ಳು. ನಾಳಿ ಹಿರ್ಯಾರು ಕೂಡ್ತಾರಂತ, ಹವಾಲ್ದಾರನ ಮುಂದ ನಾಗಣ್ಣ ಏನ ಹೇಳ್ತಾನೋ ಅದರ ಮ್ಯಾಲ ಮಲ್ಲಿ ನನ್ನ ಮನಿಗೆ ಬರೋದೋ ಬಿಡೋದೋ ಅಂತ. ನನ್ನ ಮಗಳು! ಒಂಬತ್ತು ವರ್ಷ ಹೆಗಲ ಮ್ಯಾಲ ಹೊತ್ತೀನಿ! ಆಕಿ ನನ್ನ ಮನಿಗೆ ಬರಬೇಕಂದ್ರ ನಿನ್ನ ಹೆಬ್ಬಟ್ಟು ಬೇಕು. ಎಂಥಾ ಕಾಲ ಬಂತಪಾ.

ಹೂಂ, ಹೆಬ್ಬಟ್ಟು. ಇದು ನೋಡು ಕಾಗದ. ಕೋರ್ಟಿನ ಮುಂದ ಟೈಪ ಮಾಡ್ತಾನಲ್ಲ, ಅವನ ಕಡಿಂದ ಬರಸೀನಿ. ನಾಕೇ ಸಾಲು. ಓದ್ತೀನಿ ಕೇಳು. 'ನಾನು ಕರಡಿ ವೇಷದಲ್ಲಿದ್ದಾಗ ಬಸವಂತ್ರಾಯರ ಮಗಳನ್ನು ಹಿಡಿದುಕೊಂಡೆ. ಹುಡುಗಿ ಅಂಜಿ ಕೂಗಿದಳು. ತಂದೆಯವರು ನನ್ನನ್ನು ಬೇರೆ ಯಾರೋ ಎಂದು ತಿಳಿದು ಕೈ ಮಾಡಿದರು. ತಪ್ಪು ನನ್ನದು.' ಮುಗೀತು. ನಿನ್ನ ಬಲಗೈ ಪ್ಲಾಸ್ಟರಿನಾಗ ಅದ, ಎಡಗೈಲೆ ಒತ್ತು, ನಡೀತದ. ಶಾಯಿ ಡಬ್ಬಿನೂ ತಂದೀನಿ... ಏನು? ಕಾಗದ ಯಾಕ ಹಂಗ ನೋಡ್ತಿ? ತಲಿಕೆಳಗ ಹಿಡದೀನೇನು? ಹಾಂ... ಹೌದು. ಬೆಳಕು ಕಮ್ಮಿ ಅದ ಇಲ್ಲಿ. ಕನ್ನಡಕಾ ಮನ್ಯಾಗ ಬಿಟ್ಟು ಬಂದೀನಿ.

ಮಾರಿ ತಿರುವಬ್ಯಾಡ. ಅದರಾಗ ಸುಳ್ಳೇನದ? ಕರಡಿ ವೇಷದಾಗ ನೀ ಇದ್ದಿಲ್ಲೇನು? ಇದ್ದಿ. ಮಲ್ಲಿ ಒದರಲಿಲ್ಲೇನು? ಒದರಿದ್ಳು. ನಾ ಕೈ ಮಾಡಿದೆ. ಮಾಡೀನಿ, ಇಲ್ಲನ್ನಂಗಿಲ್ಲ! ಗಂಡಸಿನಂಗ ಒಪ್ಕೋತೀನಿ. ಮಗಳು ಒದರಿದ್ರ ಯಾವ ತಂದಿ ಬಳಿ ತೊಟ್ಟು ನಿಂದರ್ತಾನ?

ತಪ್ಪೆಲ್ಲಾ ಆ ಹಾಳಾದ ಅಂಗಡಿದು. ನಾ ಹೋಗಾವನೇ ಅಲ್ಲ ಅಂಥಾ ಕಡಿ. ಮಲ್ಲಿ ತಿಂಗಳಿಂದ ಗಂಟ ಬಿದ್ದಿದ್ಳು, ಸಾಲಿ ಹುಡಿಗೇರೆಲ್ಲಾ ಹೋಗಿ ಬಂದಾರ, ಸುರಪುರ ರೋಡಿಗೆ ಪಾರ್ಕು ಆಗ್ಯಾದ, ಅದರಾಗ ಚಾಕ್ಲೇಟ ಕಿಲ್ಲಾ ಅನ್ನೋ ಅಂಗಡಿ ಅದ ಅಂತ. ಆತು ನಡಿ ಅಂದೆ. ನೋಡಿದ್ರ... ನಮ್ಮ ವನದುರ್ಗದ ಕ್ವಾಟಿನ್ನೇ ಸಣ್ಣದು ಮಾಡಿ, ಚಾಕ್ಲೇಟ ಬಣ್ಣ ಬಳದು ನಿಲ್ಲಿಸ್ಯಾರ! ಒಳಗ ಚಾಕ್ಲೇಟ ತೋಪು, ಚಾಕ್ಲೇಟ ಗುಂಡು. ಚಾಕ್ಲೇಟ ದೊರಿ, ಅವಂಗ ಚಾಕ್ಲೇಟ ಮೀಸಿ. ಬಾಗಲದ ಆಜುಬಾಜು ಎರಡು ಆನಿ, ಅವೂ ಚಾಕ್ಲೇಟೇ. ಒಂದು ಗ್ವಾಡಿ ಮ್ಯಾಲಿಂದ ಚಾಕ್ಲೇಟ ಸುರೀತಿತ್ತು, ಕೆನಾಲಿಗೆ ನೀರು ಬಿಟ್ಟಂಗ. ಹೊರಗ ಬಿಸಲಿಗೆ ಮನಶ್ಯಾ ಕರಗಾಕತ್ತಾನ, ಒಳಗ ಏಸಿ ಹಚ್ಚಿ ಆನಿ ಕರಗದಂಗ ನೋಡ್ಕೋತಾರ! ಮಂದಿಗೆ ತಲಿ ಕೆಟ್ಟದ.

ಅದರ ನಡುವ ನೀ. ಕರಿ ಕೂದಲದ ಕರಡಿ, ಕೊಳ್ಳಾಗ ಚಾಕ್ಲೇಟ ಪುಟ್ಟಿ, ಹುಡುಗರ ಮುಂದ ಥಕಥಕ ಕುಣಿಯೋದು. ಮೊಹರಮ್ಮಿನ ಅಲಾಯಿ ಹಬ್ಬದಾಗ ರಂಗಂಪೇಟಿ ಓಣಿ ತುಂಬ ಹುಲಿ ಆಗಿ ಕುಣಿಯಾವ, ಪಾರ್ಕಿನಾಗ ಸಂಬಳದ ಕರಡಿ ಆದಿ. ಹೆಜ್ಜಿ ಮಾತ್ರ ಅದೇ. ಎರಡು ಮುಂದ, ಒಂದು ಹಿಂದ, ನಡಾ ತಿರುವಿ ಗಕ್ಕನ ಕುಂತು ಏಳೋದು. ಮಲ್ಲಿ ಬಾಗಲದಾಗೇ ನಿಂತು ಚಪ್ಪಾಳಿ ಬಡದ್ಳು. 'ಅಪ್ಪಾ, ಅದು ನಾಗಣ್ಣ ಮಾಮ! ಹೆಜ್ಜಿ ನೋಡು!' ಅಂದ್ಳು...

ಅಂದ್ಳು ಅಂದ್ರ... ಅಂದಂಗಿತ್ತು. ಗದ್ದಲ ಭಾಳಿತ್ತು, ನಂಗ ಕೇಳಿಸಲಿಲ್ಲ. ಕೇಳಿಸಿದ್ರ ಹೊಡಿತಿದ್ದೆನೇನೋ? ನನ್ನ ಹೆಂಡ್ತಿ ತವರ ಓಣ್ಯಾವ ನೀ, ಆಕಿ ನಿಂಗ ಅಣ್ಣಾ ಅಂತಾಳ. ಗೊತ್ತಿದ್ದೂ ಹೊಡಿಯಾಕ ನಾ ಏನು ರಾಕ್ಷಸನೇನು?... ಹಂಗ ನೋಡಬ್ಯಾಡ. ನೋಡಬ್ಯಾಡ ಅಂದೆ.

ಮತ್ತ ನೀ ಯಾಕ ಬಾಯಿ ಬಿಡಲಿಲ್ಲ? ಅದನ್ನ ಹೇಳು ಮದ್ಲ! 'ಬಸವಂತ್ರಾಯಾ, ನಾನೋ, ನಾಗಣ್ಣ' ಅಂತ ಒಂದು ಮಾತು ಒದರಿದ್ರ ಅಲ್ಲಿಗೇ ಮುಗೀತಿತ್ತು. ಗೊತ್ತದ, ಗೊತ್ತದ, ಬಣ್ಣ ಹಚ್ಚಿದ ಮ್ಯಾಲ ಬಣ್ಣ ತೊಳಿಯೋತನ ಮಾತಾಡಬಾರದು, ಅದು ನಿಮ್ಮ ಮನಿತನದ ಕಟ್ಟು. ನಿಮ್ಮಪ್ಪಗ ಅಲಾಯಿ ಕುಣಿ ಕೆಂಡ ಹತ್ತಿ ಅಂಗಾಲು ಸುಟ್ಟಿದ್ರೂ ಹುಲಿ ಕಿಮಕ್ ಅನ್ನಲಿಲ್ಲಂತ. ಊರಾಗ ಇವತ್ತಿಗೂ ಹೇಳ್ತಾರ. ಆದ್ರ ಅದು ಪೀರಲ ದೇವರ ಹುಲಿಯಪಾ! ಇದು ಅಂಗಡ್ಯಾವರು ಕೊಟ್ಟ ಕರಡಿ ಅಂಗಿ! ಇದಕ್ಕೂ ಅದೇ ಕಟ್ಟು ಹಿಡದು, ದವಡಿ ಮುರಿಯೋತನ ಸುಮ್ಮ ನಿಂತಿ ಅಂದ್ರ, ಅದು ನಿಷ್ಠಿ ಅಲ್ಲೋ, ಹುಚ್ಚು!

ಎಷ್ಟು ಹೊಡದೆ ನಾ? ಒಂದೋ ಎರಡೋ... ನಾಕು. ಆತು, ನಿನ್ನ ಹೆಂಡ್ತಿ ಇಪ್ಪತ್ತು ಅಂತಾಳ, ಎಣಸ್ಯಾಳೇನು ಆಕಿ? ವೇಷದೊಳಗ ಹತ್ತಿ ತುಂಬಿದ್ರಲ್ಲ, ಹೊಡದಂಗ ಹೊಡದಂಗ ಧಪ್ ಧಪ್ ಅಂತಿತ್ತು, ಗಾದಿ ಝಾಡಿಸಿದಂಗ. ಒಳಗ ಮನಶ್ಯಾ ಅದಾನ ಅಂತ ಅನಸಲೇ ಇಲ್ಲ. ನೀ ಒದರಲಿಲ್ಲ. ಅದೇ, ಅದೇ ನಂಗ ಸಿಟ್ಟು ಏರಿಸಿದ್ದು! ಹೊಡಸಿಕೊಳ್ಳಾವ ಒದರಬೇಕು ನಾಗಣ್ಣ. ಒದರಿದ್ರ ಹೊಡಿಯಾವಂಗ ಸಾಕನಸ್ತದ. ಸುಮ್ಮ ನಿಂತ್ರ ಕೈ ನಿಂದ್ರಂಗಿಲ್ಲ. ಹೊಟ್ಟಿಗೆ ಒದ್ದೆ, ನೀ ಬಗ್ಗಿದಿ, ಮತ್ತ ಎದ್ದು ನಿಂತಿ. ಕೈ ತಿರುವಿದೆ, ಒಳಗ ಏನೋ ಲಟ್ ಅಂತು, ಮತ್ತ ನಿಂತಿ! ಬೀಳಬೇಕಿತ್ತಲ್ಲೋ, ಬಿದ್ದಿದ್ರ ಬಿಡ್ತಿದ್ದೆ!

ಮಂದಿ ಅದನ್ನ ಆಟ ಅಂತ ತಿಳದ್ರು. ಮೊಬೈಲ ಹಿಡದು ಸುತ್ತ ನಿಂತ್ರು. ಸೀಟಿ ಹೊಡದ್ರು. 'ಕರಡೀ, ತಿರುಗಿ ಕೊಡಲೇ!' ಅಂತ ಒಬ್ಬ ಒದರಿದ, ಎಲ್ಲಾರೂ ಕೇಕಿ ಹಾಕಿದ್ರು. ನೀ ಕೊಡಲಿಲ್ಲ. ಆಮ್ಯಾಲ ಕರಡಿ ಬಾಯಾಗಿಂದ ರಗತ ಇಳೀತು, ಎದಿ ಮ್ಯಾಲಿನ ಕೂದಲಕ್ಕ ಹತ್ತಿ ಹನಿ ಹನಿ ನೆಲಕ್ಕ. ಒಂದು ಕೂಸು 'ಅಮ್ಮಾ, ಕೆಂಪ ಚಾಕ್ಲೇಟು' ಅಂತು. ಅವಾಗ ಸೀಟಿ ಬಂದಾತು. ಯಾರೋ ಕರಡಿ ತಲಿ ಕಿತ್ತು ತಗದ್ರು. ನಿನ್ನ ಮಾರಿ ನೋಡಿದೆ... ದವಡಿ ಒಂದು ಕಡಿ ಜೋತು ಬಿದ್ದಿತ್ತು. ಕಣ್ಣು ಮಾತ್ರ ಹಿಂಗೇ ಇದ್ವು. ಈಗ ನೋಡಾಕತ್ತೀಯಲ್ಲ, ಹಿಂಗೇ.

ರಸಾ ಕುಡಿ. ಬಿಸಿ ಆಗ್ತದ.

ಏನು? ಮಲ್ಲಿ ಯಾಕ ಒದರಿದ್ಳು ಅಂತ ಕೇಳ್ತಿಯೇನು? ನಿನ್ನ ನೋಡಿ ಅಂಜಿ... ಹೌದು, ಚಪ್ಪಾಳಿ ಬಡದ ಹುಡಿಗಿ ಅಂಜೋದು ಹ್ಯಾಂಗ ಅಂತಿ. ಸಣ್ಣ ಹುಡುಗರದು ಏನ ಹೇಳ್ತಿ, ಈಗ ನಗ್ತಾವ, ಈಗ ಅಂಜ್ತಾವ. ಅದಲ್ದ ಮದ್ಲ ಒಂದು ಆನಿ ಮುರದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡು.

ಇಲ್ಲ ಅಂದೆ! ಆನಿ ಸೊಂಡಿ ಮುರೀತು, ಅಷ್ಟೇ! ಮಲ್ಲಿ ಮುಟ್ಟಿದ್ಳು, ಲಟಕ್ ಅಂತ ಬಿತ್ತು. ಅಂಗಡ್ಯಾಗಿನವ ಬಂದ, ಟೈ ಕಟ್ಟಿದ ಪೋರ, ಇನ್ನಾ ಮೀಸಿ ಚಿಗತಿಲ್ಲ. 'ಮುಟ್ಟಬ್ಯಾಡ್ರಿ ಅಂತ ಇಷ್ಟು ದೊಡ್ಡದು ಬೋರ್ಡ ಬರದೀವಿ, ಓದಾಕ ಬರಂಗಿಲ್ಲೇನ್ರಿ ನಿಮಗ?' ಅಂದ. ನನಗ! ಸುತ್ತ ಮಂದಿ. ನಮ್ಮ ಮಿಲ್ಲಿನ ಹಮಾಲರಿಬ್ಬರು ಹೆಂಡರು ಮಕ್ಕಳ ಕೂಡ ಅಲ್ಲೇ ನಿಂತಿದ್ರು, ನಾ ದಿನಾ 'ಕತ್ತಿ ಮಕ್ಕಳ್ರ್ಯಾ' ಅಂತ ಬೈತೀನಲ್ಲ, ಅವರು. ನಾ ಏನರ ಅನ್ನೋದ್ರಾಗ ಈ ಪೋರಿ ಮುಂದ ಬಂದು ನಿಂತು... ಏನಂತ ಗೊತ್ತೇನು?

ನೀ ಕೇಳಿದ್ದಿ. ಅಲ್ಲೇ ಇದ್ದಿ.

'ನಮ್ಮಪ್ಪಗ ಓದಾಕ ಬರಂಗಿಲ್ರಿ. ಅವಂಗ ಬೈಬ್ಯಾಡ್ರಿ. ನಾ ಓದಬೇಕಿತ್ತು, ತಪ್ಪು ನಂದ್ರಿ.' ಹಂಗಂದ್ಳು! ಎಲ್ಲಾರ ಮುಂದ! ಗಟ್ಟಿಸಿ, ಸಾಲ್ಯಾಗ ಪದ್ಯ ಹೇಳಿದಂಗ! ಹದಿನೆಂಟು ವರ್ಷ ಮಿಲ್ಲಿನಾಗ ಒಬ್ಬನಿಗೂ ಗೊತ್ತಿದ್ದಿಲ್ಲ ನಾಗಣ್ಣ. ಯಾವ ಕಾಗದ ಬಂದ್ರೂ ಕನ್ನಡಕಾ ಮರತೀನಿ ಅಂತಿದ್ದೆ. ಮನಿಗೆ ತಂದು ಮಲ್ಲಿ ಕಡಿಂದ ಓದಸ್ತಿದ್ದೆ, ಬಾಗಲಾ ಹಾಕ್ಕೊಂಡು. ಈ ಕಾಗದಾನೂ ಹಂಗೇ, ಟೈಪ ಮಾಡಾವ ಮೂರು ಸಲ ಓದಿದ, ನಾ ಬಾಯಿಪಾಠ ಮಾಡೀನಿ. ಆ ಹಮಾಲರು ಒಬ್ಬರ ಮಾರಿ ಒಬ್ಬರು ನೋಡಿ ನಕ್ಕರು. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಅಂತಾರ. ನಂದು ಆನಿಗೇ ಹೋತು, ಅದೂ ಚಾಕ್ಲೇಟ ಆನಿಗೆ!

ಹೌದೋ, ಕಪಾಳಕ್ಕ ಕೊಟ್ಟೆ ಆಕಿಗೆ. ಕೊಟ್ಟೆ! ಏನೀಗ? ಸುಂದ್ರಮ್ಮ ನೀರು ತರಾಕ ಹೋಗಿದ್ಳು, ಅಡ್ಡ ಬರಾವರು ಯಾರೂ ಇದ್ದಿಲ್ಲ. ಒಂದೇ ಕೊಟ್ಟೆ. ಮನ್ಯಾಗ ಮಕ್ಕಳಿಗೆ ಹೊಡಿಲಾರದ ತಂದಿ ಯಾವನದಾನ? ನಮ್ಮಪ್ಪ ನಂಗ ಬಾರಕೋಲಲೆ ಬಡದಾನ, ಎತ್ತಿಗೆ ಬಡಿಯೋ ಬಾರಕೋಲು! ಬೆನ್ನ ಮ್ಯಾಲ ಇನ್ನಾ ಅದ ಬರಿ. ಸತ್ತೆನೇನು? ಮನಶ್ಯಾ ಆಗೀನಿ. ಮುಕದ್ದಮ ಆಗೀನಿ!

...ಏನು? ಈಗೇನು? ನನ್ನ ನಡಾ ಯಾಕ ನೋಡಾಕತ್ತಿ?

ಬೆಲ್ಟು. ಹೂಂ, ಇದೇ ಬೆಲ್ಟು. ಬ್ಯಾರೆ ಇಲ್ಲ ನಂಗ. ಬಕ್ಕಲ್ಲು ನಿನ್ನ ದವಡಿಗೆ ಬಡದದ್ದೂ ಖರೇ, ಅದಕ್ಕ ನಂಗೂ ಕೆಟ್ಟನಸ್ತದ... ಅದಲ್ಲೇನು? ಮತ್ತೇನು? ಬಾಯಿಲ್ಲದ್ರೂ ಕಣ್ಣಾಗ ಎಷ್ಟು ಕೇಳ್ತಿಯೋ ನೀ! ಯಾವಾಗ ಬಿಚ್ಚಿದೆ ಅಂತೇನು? ಬಿಚ್ಚಿದೆ, ಅದರಾಗೇನದ. ನೀ ಮಲ್ಲಿನ್ನ ಹಿಡದಿ, ಆಕಿ ಒದರಿದ್ಳು, ನಾ ಓಡಿ ಬಂದೆ... ಓಡಿ ಬರುವಾಗ ಬಿಚ್ಚಿದೆನೇನು... ಇಲ್ಲ, ನಿಂತು ಬಿಚ್ಚಿದೆ. ನಿನ್ನ ಮುಂದ. ಇರು. ಇರು, ನಂಗ ಕಲಸಬ್ಯಾಡ. ಹವಾಲ್ದಾರನೂ ನಿನ್ನಿ ಇದನ್ನೇ ಕೇಳಿದ. ಅಂಗಡಿ ಕ್ಯಾಮರಾದಾಗ ಕರಡಿ ಆ ಮೂಲ್ಯಾಗ ಇದ್ದಾಗೇ ನನ್ನ ಕೈಯಾಗ ಬೆಲ್ಟು ಅದ ಅಂತಾನ. ಕರಡಿ ಇನ್ನಾ ತಿರುಗಿ ಸೈತ ನೋಡಿಲ್ಲ ಅಂತಾನ. ಹಂಗಾರ ಯಾರಿಗೆ ಬಿಚ್ಚಿದ್ಯೋ ಬಸವಂತ್ರಾಯಾ ಅಂತ ನಗ್ತಾ ಕೇಳ್ತಾನ, ನಗ್ತಾ!

ಯಾರಿಗೆ ಬಿಚ್ಚಿದ್ರ ಇವರಿಗೇನು? ನನ್ನ ಬೆಲ್ಟು, ನನ್ನ ಮಗಳು!

...

ಹಂಗಲ್ಲ. ಹಂಗಲ್ಲ ನಾಗಣ್ಣ. ಬಾಯಿ ತಪ್ಪಿತು. ಸಿಟ್ಟಿನಾಗ ಕೊಯ್ದ ಮೂಗು ಆಮ್ಯಾಲ ಬರಂಗಿಲ್ಲ, ನಂಗೂ ಗೊತ್ತದ. ನಾಕು ದಿನ ಆತು ಮನ್ಯಾಗ ಒಲಿ ಹಚ್ಚಿಲ್ಲ. ಆಕಿ ಪಾಟಿಚೀಲ ಮೊಳಿಗೆ ಜೋತು ಬಿದ್ದದ. ನಿನ್ನಿ ರಂಗಂಪೇಟ್ಯಾಗ ಕಿಡಕಿ ಹಿಂದ ಆಕಿ ಕಾಲು ಕಂಡ್ವು. ಕಾಲಷ್ಟೇ, ಪರದೆ ಕೆಳಗ. 'ಮಲ್ಲಿ' ಅಂತ ಕರದೆ. ಮೆತ್ತಗೇ ಕರದೆ, ದೇವರಾಣಿ. ಆ ಕಾಲು ಹಿಂದಕ್ಕ ಸರದ್ವು. ನನ್ನ ಎದಿ ಒಡೀತೋ! ಆಕಿ ಬೇಕು ನಂಗ. ನೀ ಒಂದು ಹೆಬ್ಬಟ್ಟು ಒತ್ತಿದ್ರ ಬರ್ತಾಳ. ತಂದಿ ಮಗಳಿಗಾಗಿ ಕೈ ಎತ್ತಿದ ಅಂತ ಆಗ್ತದ, ಊರು ಒಪ್ಪತದ. ನಿಂಗೇನು ಹೋಗೋದದ? ಕರಡಿ ಮಾಡಿದ ತಪ್ಪು, ನಾಗಣ್ಣಂದಲ್ಲ. ನಿಂಗ ಮಿಲ್ಲಿನಾಗ ನೆಳ್ಳಾಗಿನ ಕೆಲಸ ಕೊಡಸ್ತೀನಿ, ಈ ವೇಷದ ಹಾಳುಬದುಕು ಬ್ಯಾಡ.

ಕೊಡು ಕೈ. ಎಡಗೈ ಕೊಡು.

ಮುಷ್ಟಿ ಬಿಚ್ಚು. ಬಿಚ್ಚೋ! ಶಾಯಿ ಎಲ್ಲಾ ಚಾದರಕ್ಕ ಬಡೀತು ನೋಡು... ಅಲ್ಲ, ಒಂದು ಬಟ್ಟು ಒತ್ತಾಕ ನಿಂಗೇನು ರೋಗ? ನನ್ನ ಮನಿ ಮುರದು ನೀ ಏನು ಹುಲಿ ಆಗ್ತಿ? ಹೊರಗ ಹವಾಲ್ದಾರನ ಗಾಡಿ ಸಪ್ಪಳ... ಜಲ್ದಿ! ನೋಡು, ಕೈ ಎತ್ತಂಗಿಲ್ಲ ಅಂತ ಚರಬಸವೇಶ್ವರನ ಮುಂದ ಆಣಿ ಮಾಡಿ ಬಂದೀನಿ, ಎತ್ತಿಸಬ್ಯಾಡ. ಎತ್ತಿಸಬ್ಯಾಡ ನನ್ನ ಕೈ! ಲೇ, ನಿನ್ನ...

...ಏ.

ಏ, ಏನ ಮಾಡಾಕತ್ತಿ? ಕೈ ಯಾಕ ಹಂಗ ಆಜುಬಾಜು ಚಾಚಿದಿ? ಎರಡೂ... ಮುರದ ಕೈನೂ, ಪ್ಲಾಸ್ಟರ ಸಮೇತ... ನೋವಾಗಂಗಿಲ್ಲೇನೋ ನಿಂಗ? ಕಣ್ಣಾಗ ನೀರು ಬರಾಕತ್ತಾವಲ್ಲೋ! ಹೊಡಿಯಾಕ ಬಂದ್ರ ಮನಶ್ಯಾ ಮಾರಿ ಮುಚ್ಕೋತಾನ. ತಲಿ ಹಿಡ್ಕೋತಾನ. ನೀ ಯಾಕ ಹಿಂಗ... ನಿನ್ನ ಹಿಂದ ಯಾರದಾರ? ಯಾರೂ ಇಲ್ಲ! ಗ್ವಾಡಿ ಅದ, ಬರೇ ಗ್ವಾಡಿ! ಮಲ್ಲಿ ಇಲ್ಲಿಲ್ಲ ನಾಗಣ್ಣ. ಇದು ದವಾಖಾನಿ. ಮಲ್ಲಿ ಇಲ್ಲಿಲ್ಲ.

ಹಿಂಗೇ ನಿಂತಿದ್ದಿ ನೀ.

ಹಿಡದಿಲ್ಲ ಆಕಿನ್ನ. ಮುಟ್ಟಿಲ್ಲ. ನಾ ಬೆಲ್ಟು ಬಿಚ್ಚಿದ್ದು ನೋಡಿ ಆಕಿ 'ಮಾಮಾ' ಅಂತ ಒದರಿ ಓಡಿ ಬಂದು... ಒದರಿದ್ದು ನನ್ನ ನೋಡಿ. ಅಡಗಿದ್ದು ನಿನ್ನ ಹಿಂದ. ನಂಗೂ ಗೊತ್ತಿತ್ತು ಒಳಗ ನೀ ಇದ್ದಿ ಅಂತ. ಆಕಿ ಹೇಳಿದ್ದು ಕೇಳಿಸಿತ್ತು, ಹೆಜ್ಜಿ ನಾನೂ ಗುರುತು ಹಿಡದಿದ್ದೆ. ನನ್ನ ಮಗಳು ನನ್ನ ಬಿಟ್ಟು ನಿನ್ನ ಹಿಂದ ನಿಂತಾಳಲ್ಲ ಅಂತ, ಅದಕ್ಕೇ ಹೊಡದೆ. ಆಕಿಗೆ ಬೀಳೋ ಏಟೆಲ್ಲಾ ನಿಂಗ ಹೊಡದೆ.

ಕೈ ಇಳಿಸು. ಹೊಡಿಯಂಗಿಲ್ಲ ನಾ. ಖರೇ ಹೊಡಿಯಂಗಿಲ್ಲ. ಇಳಿಸಪಾ, ಮುರದ ಕೈ ಅದು... ಇಳಿಸು ಅಂದೆ. ಹೊಡಿಯಂಗಿಲ್ಲ ಅಂತ ಹೇಳಾಕತ್ತೀನಲ್ಲ! ಇಳಸ್ತಿಯೋ ಇಲ್ಲೋ? ಕಿವಿ ಕೇಳಂಗಿಲ್ಲೇನು? ಈಗ ಇಳಿಸಲಿಲ್ಲಂದ್ರ ಹೊಡದೇ ಬಿಡ್ತೀನಿ ನೋಡು ಮಗನ...!

...ಏನಂದೆ ನಾ?

ಆಕಿಗೂ ಇದನ್ನೇ ಅಂದಿದ್ದೆ ನಾಗಣ್ಣ. ನಿನ್ನ ಬೆನ್ನ ಹಿಂದ ಅಡಗಿ ನಿಂತಿದ್ಳಲ್ಲ, 'ಹೊರಗ ಬಾ ಮಲ್ಲಿ, ಹೊಡಿಯಂಗಿಲ್ಲ' ಅಂದೆ. 'ಬರಲಿಲ್ಲಂದ್ರ ಕೊಂದಬಿಡ್ತೀನಿ' ಅಂದೆ.